ಅಗೋಚರ ಭೋಜನ ಮೀಮಾಂಸೆ

ಇಟಲಿಯ ಪಡುವಾದಲ್ಲಿ ವೈದ್ಯಶಾಸ್ತ್ರ ಕಲಿಸುತ್ತಿದ್ದ ಸ್ಯಾಂಟೋರಿಯೊ ಎಂಬ ಪಂಡಿತ ದೊಡ್ಡ ತಕ್ಕಡಿಗೆ ಕುರ್ಚಿಯೊಂದನ್ನು ನೇತುಹಾಕಿ, ಅದರಲ್ಲೇ ಕೂತು ಉಂಡು, ಒಳಗೆ ಹೋದದ್ದನ್ನೂ ಹೊರಗೆ ಬಂದದ್ದನ್ನೂ ವರ್ಷಗಟ್ಟಲೆ ತೂಗಿದ. 1614ರಲ್ಲಿ ಗ್ರಂಥ ಪ್ರಕಟಿಸಿ ಹೇಳಿದ: ಮನುಷ್ಯ ದಿನಕ್ಕೆ ಎಂಟು ಪೌಂಡು ತಿಂದು ಕುಡಿದರೆ ಅದರಲ್ಲಿ ಐದು ಪೌಂಡು ಕಣ್ಣಿಗೆ ಕಾಣದ ಬೆವರಾಗಿ ಹೋಗಿಬಿಡುತ್ತದೆ. ಆತ ಮೈಸೂರು ಸೀಮೆಯ ಅಡುಗೆಮನೆಯಲ್ಲಿ ಒಂದು ಗೌರಿ ಹಬ್ಬ ಕಳೆದಿದ್ದರೆ ಶಾಸ್ತ್ರದ ಇನ್ನರ್ಧವೂ ದಕ್ಕುತ್ತಿತ್ತು. ಕಾಣದಂತೆ ಹೊರಹೋಗುವುದು ಇರುವ ಹಾಗೆಯೇ ಕಾಣದಂತೆ ಒಳಬರುವುದೂ ಉಂಟು. ಪ್ರಸ್ತುತ ಪ್ರಬಂಧವು ಇದನ್ನು ‘ಅಗೋಚರ ಭೋಜನ’ವೆಂದು ಕರೆದು, ಅದರ ಲಕ್ಷಣ, ಪ್ರಮಾಣ ಮತ್ತು ಪರಿಣಾಮಗಳನ್ನು ಯಥಾಮತಿ ವಿಚಾರಿಸುತ್ತದೆ.

ಮೊದಲು ಪೂರ್ವಪಕ್ಷ. ನಮ್ಮ ದೊಡ್ಡಮ್ಮ ಇದನ್ನು ಬಹುಕಾಲದಿಂದ ಮಂಡಿಸುತ್ತ ಬಂದಿದ್ದಾರೆ: “ನಾನೇನು ತಿಂತೀನಿ ಹೇಳೋ? ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಒಂದು ಹಿಡಿ ಅನ್ನ. ರಾತ್ರಿ ಅನ್ನ ಮುಟ್ಟೋದೇ ಇಲ್ಲ. ನೀರು ಕುಡಿದ್ರೂ ಮೈ ಬರತ್ತೆ ನಂಗೆ.” ಈ ವಾದದಲ್ಲಿ ಸುಳ್ಳಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ತಟ್ಟೆಗೆ ಬಿದ್ದದ್ದು ಅಷ್ಟೇ. ಪ್ರತ್ಯಕ್ಷ ಪ್ರಮಾಣಕ್ಕೆ ಸಿಗುವುದೂ ಅಷ್ಟೇ. ಉಳಿದದ್ದಕ್ಕೆ ಅವರು ಅವಲಂಬಿಸುವುದು ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪುವ ಅನುಪಲಬ್ಧಿ ಪ್ರಮಾಣವನ್ನು: ಯಾರೂ ಕಾಣಲಿಲ್ಲವಾದ್ದರಿಂದ ಅದು ಇರಲಿಲ್ಲ. ಮಾಧ್ವರು ಪ್ರತ್ಯಕ್ಷ, ಅನುಮಾನ, ಆಗಮ ಮೂರೇ ಸಾಕೆಂದು ವಾದಿಸುತ್ತಾರೆ, ನಿಜ. ಆದರೆ ಕೋಡುಬಳೆ ಡಬ್ಬಿಯ ಮುಂದೆ ಈ ಮತಭೇದ ನಿಂತದ್ದನ್ನು ಈ ಲೇಖಕ ಕಂಡಿಲ್ಲ.

ಅಗೋಚರ ಭೋಜನದ ಮೊದಲ ಪ್ರಭೇದ ‘ಸರಿಮಾಡುವಿಕೆ’. ಇದನ್ನು ಹತ್ತಿರದಿಂದ ನೋಡಿದ್ದೇನೆ. ಸ್ಟೀಲ್ ಡಬ್ಬಿಯಲ್ಲಿ ಮೈಸೂರು ಪಾಕ್. ದೊಡ್ಡಮ್ಮ ಒಂದರ ಮೂಲೆಯನ್ನು ಬೆರಳ ತುದಿಯಷ್ಟು ಮುರಿದು ಬಾಯಿಗೆ ಹಾಕಿಕೊಂಡರು. ಪಾಕ ಸರಿಯಾಗಿ ಬಂದಿದೆಯೋ ಇಲ್ಲವೋ ನೋಡಬೇಕಲ್ಲ. ಈಗ ತುಂಡು ಓರೆಯಾಯಿತು. ಓರೆಯಾದದ್ದನ್ನು ಬಂದವರಿಗೆ ಕೊಡುವುದು ಹೇಗೆ? ಚಾಕು ತಂದು ಆ ಬದಿಯನ್ನು ನೇರ ಮಾಡಿದರು. ಅಂಚು ಬಾಯಿಗೆ ಹೋಯಿತು. ಈಗ ಅದು ಪಕ್ಕದ ತುಂಡಿಗಿಂತ ಗಿಡ್ಡ. ಪಕ್ಕದ್ದನ್ನೂ ಸಮ ಮಾಡಿದರು. ಡಬ್ಬಿಯ ತಳದಲ್ಲಿ ಉದುರಿದ ಪುಡಿಯನ್ನು ಇರುವೆ ಬರಬಾರದೆಂದು ಅಂಗೈಗೆ ಸುರಿದುಕೊಂಡರು. ಕೊನೆಯಲ್ಲಿ ಎಣಿಸಿದರೆ ತುಂಡುಗಳ ಸಂಖ್ಯೆ ಮೊದಲಿನಷ್ಟೇ! ದೊಡ್ಡಮ್ಮ ಒಂದು ಮೈಸೂರು ಪಾಕನ್ನೂ ತಿಂದಿಲ್ಲವೆಂಬುದಕ್ಕೆ ಗಣಿತವೇ ಸಾಕ್ಷಿ.

ಎರಡನೆಯದು ‘ಪರಕರ್ತೃಕ’, ಅಂದರೆ ಬೇರೆಯವರು ಬಡಿಸಿದ್ದರ ಪಾಪ ಬಡಿಸಿದವರಿಗೇ ಸೇರುವಂಥದು. ಮದುವೆಮನೆಯ ಪಂಕ್ತಿಯಲ್ಲಿ ಇದರ ಶುದ್ಧ ರೂಪ ಕಾಣಸಿಗುತ್ತದೆ. ತುಪ್ಪ ಬಂತು. ದೊಡ್ಡಪ್ಪ “ಸಾಕು ಸಾಕು” ಎಂದು ಎಲೆಗೆ ಕೈ ಅಡ್ಡ ಹಿಡಿದರು. ಹಿಡಿದ ಕೈಯ ಬೆರಳುಗಳ ನಡುವಿನ ಸಂದಿಯನ್ನು ಅಳೆದವರಿಗೆ ಗೊತ್ತು, ಅಲ್ಲಿ ತುಪ್ಪ ಧಾರಾಳವಾಗಿ ಇಳಿಯುತ್ತದೆ. ಹೋಳಿಗೆ ಬಂದಾಗಲಂತೂ ಕೈ ಒಂದಿಷ್ಟು ಪಕ್ಕಕ್ಕೇ ಸರಿದಿರುತ್ತದೆ. ಆಮೇಲೆ ದೊಡ್ಡಪ್ಪ ಹೇಳುವುದು “ತಿಂದೆ” ಎಂದಲ್ಲ, “ಹಾಕಿಬಿಟ್ಟರು” ಎಂದು.

ಪ್ರಸಾದವೂ ಒಂದು ಪ್ರಭೇದ. ಅದರ ಬಗ್ಗೆ ಬರೆಯಲು ನನಗೆ ಧೈರ್ಯವಿಲ್ಲ. ಏಕಾದಶಿಯ ಫಲಾಹಾರದ ಬಗ್ಗೆ ಇಷ್ಟು ಮಾತ್ರ ಹೇಳಬಹುದು: ಅನ್ನ ನಿಷಿದ್ಧವೆಂದು ಭತ್ತವನ್ನೇ ನೆನೆಸಿ ಹುರಿದು ಕುಟ್ಟಿದ ಅವಲಕ್ಕಿಯನ್ನು ಎರಡು ಸಲ ಹಾಕಿಸಿಕೊಳ್ಳುವ ಮನೆಗಳಿವೆ. ಇನ್ನು ಸಕ್ಕರೆ ಬಿಟ್ಟು ಬೆಲ್ಲ ಹಿಡಿದವರು. ಗ್ರಾಂಗೆ ಹೆಚ್ಚುಕಡಿಮೆ ನಾಲ್ಕು ಕ್ಯಾಲೊರಿ ಎಂಬ ವಿಚಾರದಲ್ಲಿ ಎರಡೂ ಅಣ್ಣತಮ್ಮಂದಿರು. ಆದರೂ ಬೆಲ್ಲ ಹಾಕಿದ ಪಾಯಸ ಆರೋಗ್ಯಕ್ಕೆ ಒಳ್ಳೆಯದಾದ್ದರಿಂದ ಎರಡು ಲೋಟ ಹೆಚ್ಚಿಗೆ ಕುಡಿಯಬಹುದೆಂಬುದು ಸರ್ವಸಮ್ಮತ.

ಇಲ್ಲಿ ಆಕ್ಷೇಪ ಏಳಬಹುದು: ಇದೆಲ್ಲ ನಮ್ಮವರ ಮೇಲೆ ಹೊರಿಸಿದ ಅಪವಾದವಲ್ಲವೆ? ಅಲ್ಲ. ದಿನಕ್ಕೆ 1200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದವರನ್ನು ಅಮೆರಿಕದ ಸಂಶೋಧಕರು ಪರೀಕ್ಷೆಗೆ ಒಳಪಡಿಸಿದರು; ಫಲಿತಾಂಶ 1992ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂತು. ವಿಶೇಷ ನೀರು ಕುಡಿಸಿ ದೇಹ ನಿಜವಾಗಿ ಎಷ್ಟು ಶಕ್ತಿ ಖರ್ಚು ಮಾಡುತ್ತದೆಂದು ಅಳೆಯುವ ವಿಧಾನವದು. ಅದರ ಮುಂದೆ ಬಾಯಿಮಾತು ನಡೆಯುವುದಿಲ್ಲ. ಪರೀಕ್ಷೆಗೊಳಗಾದವರು ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆ ಮಾಡಿ ಹೇಳಿದ್ದರು, ಮಾಡಿದ ದೈಹಿಕ ಶ್ರಮವನ್ನು ಶೇ. 51ರಷ್ಟು ಹೆಚ್ಚಿಸಿ ಹೇಳಿದ್ದರು. ಚಯಾಪಚಯದಲ್ಲಿ ದೋಷವೇನೂ ಸಿಗಲಿಲ್ಲ. ಆ ಎರಡನೆಯ ಅಂಕಿ ಓದಿದಾಗ ನನಗೆ ಕುಕ್ಕರಹಳ್ಳಿ ಕೆರೆ ನೆನಪಾಯಿತು. ದೊಡ್ಡಪ್ಪ ಅಲ್ಲಿ ನಿತ್ಯ ಒಂದು ಗಂಟೆ ‘ವಾಕಿಂಗ್’ ಮಾಡುತ್ತಾರೆ. ಅದರಲ್ಲಿ ಕಲ್ಲುಬೆಂಚಿನ ಮೇಲಿನ ಪಿಂಚಣಿ ಚರ್ಚೆಯೂ ಸೇರಿದೆ. ನಿಲ್ಲದೆ ಐದು ಕಿಲೋಮೀಟರ್ ನಡೆದರೂ ಕರಗುವುದು ಮುನ್ನೂರು ಕ್ಯಾಲೊರಿ ಆಸುಪಾಸು. ಬರುವಾಗ ದಾರಿಯಲ್ಲಿ ತಿನ್ನುವ ಬೆಣ್ಣೆ ಮಸಾಲೆದೋಸೆ ಅಷ್ಟನ್ನೂ ತುಂಬಿಕೊಟ್ಟು ಮೇಲೆ ಕೊಸರು ಹಾಕುತ್ತದೆ.

ತೂಕ ನೋಡುವ ಪದ್ಧತಿಯ ಬಗ್ಗೆಯೂ ಎರಡು ಮಾತು. ಎತ್ತರದ ವರ್ಗದಿಂದ ತೂಕವನ್ನು ಭಾಗಿಸುವ ಸೂತ್ರ ಹುಡುಕಿದವನು ಬೆಲ್ಜಿಯಮ್ಮಿನ ಕ್ವೆಟಲೆ, ವೃತ್ತಿಯಲ್ಲಿ ಖಗೋಳಜ್ಞ. ನಕ್ಷತ್ರ ನೋಡುವವನಿಗೆ ನಮ್ಮ ಹೊಟ್ಟೆಯ ಉಸಾಬರಿ ಯಾಕೆ ಬೇಕಿತ್ತೋ. ಬಿಎಂಐ ಎಂಬ ನಾಮಕರಣವಾದದ್ದು 1972ರಲ್ಲಿ. ಅದು 25 ದಾಟಿದರೆ ತೂಕ ಹೆಚ್ಚು ಎಂದು ಲೋಕವೆಲ್ಲ ಹೇಳಿದರೆ, ನಮ್ಮ ಜನಕ್ಕೆ ಸಕ್ಕರೆ ಕಾಯಿಲೆ ಬೇಗ ಹಿಡಿಯುವುದರಿಂದ ವೈದ್ಯರು 23ಕ್ಕೇ ಗೆರೆ ಎಳೆದರು. ದೊಡ್ಡಪ್ಪನವರ ಉತ್ತರ ಸಿದ್ಧವಾಗಿತ್ತು: “ನಮ್ಮ ವಂಶದ್ದು ದಪ್ಪ ಮೂಳೆ.” ದೇಹದ ತೂಕದಲ್ಲಿ ಮೂಳೆಯ ಪಾಲು ಏಳರಲ್ಲಿ ಒಂದರಷ್ಟು ಮಾತ್ರ ಎಂದು ನಾನು ಹೇಳಲು ಹೋಗಲಿಲ್ಲ. ದೊಡ್ಡಮ್ಮನ ವಿಧಾನ ಹೆಚ್ಚು ವೈಜ್ಞಾನಿಕ: ಕನ್ನಡಕ, ಬಳೆ, ಸರ, ಪಿನ್ನು ಎಲ್ಲ ತೆಗೆದಿಟ್ಟು ಹತ್ತುವುದು, ಮುಳ್ಳು ಕದಲದಿದ್ದರೆ ಯಂತ್ರವನ್ನು ಬೇರೆ ಟೈಲ್ಸಿನ ಮೇಲಿಟ್ಟು ನೋಡುವುದು, ಆಗಲೂ ಆಗದಿದ್ದರೆ “ಚೈನಾ ಮಾಲು” ಎಂದು ತೀರ್ಮಾನಿಸುವುದು.

ಉಳಿದಿರುವುದು ಅತಿ ಮುಖ್ಯವಾದ ಪ್ರಭೇದ, ‘ಶೇಷ’. ಇದು ಎಲ್ಲಕ್ಕಿಂತ ದೊಡ್ಡದು, ಇದರ ಬಗ್ಗೆ ಯಾವ ಡಯಟ್ ತಜ್ಞರೂ ಪ್ರಶ್ನೆ ಕೇಳಿದ್ದನ್ನು ನಾನು ಕೇಳಿಲ್ಲ. ಮೊಮ್ಮಗ ಅರ್ಧ ತಿಂದು ಬಿಟ್ಟ ಚಪಾತಿ, ಬಾಣಲೆಗೆ ಹತ್ತಿದ ಪಲ್ಯ, ಫ್ರಿಜ್ಜಿಗೆ ಇಡುವಷ್ಟು ಹೆಚ್ಚಲ್ಲದ, ಚೆಲ್ಲುವಷ್ಟು ಕಡಿಮೆಯೂ ಅಲ್ಲದ ಹುಳಿಯನ್ನ. ಬೆಳಿಗ್ಗೆಯ ಉಪ್ಪಿಟ್ಟು ಸಂಜೆ ಕಾಫಿಯ ಜೊತೆ ಮುಗಿಯುವುದು ಯಾರ ಬಾಯಲ್ಲಿ? ಮನೆಮಂದಿಯೆಲ್ಲ ಉಂಡು ಕೈತೊಳೆದು ಟಿವಿ ಮುಂದೆ ಕೂತ ಮೇಲೆ ಅಡುಗೆಮನೆ ಕಟ್ಟೆಗೆ ಒರಗಿ ನಿಂತು, ಪಾತ್ರೆಯಿಂದಲೇ ಬಳಿದು ಬಾಯಿಗೆ ಹಾಕಿಕೊಳ್ಳುವುದು ಊಟದ ಲೆಕ್ಕಕ್ಕಲ್ಲ, ಪಾತ್ರೆ ತೊಳೆಯುವ ಲೆಕ್ಕಕ್ಕೆ ಬರುತ್ತದೆ. ನಮ್ಮ ಮನೆಗಳಲ್ಲಿ ಎರಡು ಸಂಗತಿ ಏಕಕಾಲಕ್ಕೆ ನಡೆಯುತ್ತವೆ: ಅನ್ನ ಚೆಲ್ಲುವುದಿಲ್ಲವೆಂಬ ಕೀರ್ತಿ ಮನೆತನಕ್ಕೆ ಸಲ್ಲುತ್ತದೆ, ಅದರ ಕ್ಯಾಲೊರಿ ಒಬ್ಬರೇ ಹೆಂಗಸಿಗೆ ಸಲ್ಲುತ್ತದೆ. ಆಮೇಲೆ ಅದೇ ಮಂದಿ, “ಯಾಕೆ ಇಷ್ಟು ದಪ್ಪ ಆಗ್ತಿದೀಯ, ಸ್ವಲ್ಪ ವಾಕಿಂಗ್ ಹೋಗಬಾರದಾ?” ಎನ್ನುತ್ತಾರೆ. ಪ್ರಬಂಧದ ಮರ್ಯಾದೆಗೆ ಒಗ್ಗದ ಮಾತಾದರೂ ಹೇಳುತ್ತೇನೆ: ಕೇಳುವವರು ಮೊದಲು ತಮ್ಮ ತಟ್ಟೆ ತಾವೇ ಖಾಲಿ ಮಾಡಲಿ.

ಕೊನೆಯದಾಗಿ ಪ್ರಯೋಗ ಪ್ರಕರಣ. ಬೆಂಗಳೂರಿನಿಂದ ಬಂದ ಮೊಮ್ಮಗ ದೊಡ್ಡಮ್ಮನ ಮೊಬೈಲಿಗೆ ಕ್ಯಾಲೊರಿ ಲೆಕ್ಕ ಹಾಕುವ ಆಪ್ ಹಾಕಿಕೊಟ್ಟ. ದೊಡ್ಡಮ್ಮ ನಿಷ್ಠೆಯಿಂದ ದಾಖಲಿಸಿದರು: ಎರಡು ಇಡ್ಲಿ, ಒಂದು ಹಿಡಿ ಅನ್ನ, ಎರಡು ಚಪಾತಿ, ಸಕ್ಕರೆಯಿಲ್ಲದ ಕಾಫಿ. ಆಪ್ ದಿನವೂ ಭೇಷ್ ಎಂದಿತು. ವಾರ ಕಳೆದ ಮೇಲೆ ಮೊಮ್ಮಗ ಲೆಕ್ಕ ತೆಗೆದು ನೋಡಿ ಗಾಬರಿಯಾದ. “ಅಜ್ಜಿ, ಇಷ್ಟು ಕಡಿಮೆ ತಿಂದ್ರೆ ಬಿದ್ದುಹೋಗ್ತೀರ!” ಎಂದವನೇ ಓಡಿಹೋಗಿ ಬೇಕರಿಯಿಂದ ಅರ್ಧ ಕೆಜಿ ಬೆಣ್ಣೆ ಬಿಸ್ಕತ್ತು ತಂದು ಕೈಗೆ ಕೊಟ್ಟ. ದೊಡ್ಡಮ್ಮ ಬೇಡ ಬೇಡವೆನ್ನುತ್ತಲೇ ತೆಗೆದುಕೊಂಡರು. ಆಪ್‌ನಲ್ಲಿ ಬರೆಯಲಿಲ್ಲ; ತಂದವನು ಅವನಾದ್ದರಿಂದ ಅದು ಅವನ ಖಾತೆಗೆ ಸೇರಿದ್ದು.