ಹಡಗಿನ ನೆನಪು: ಬಳಕೆದಾರರ ಕೈಪಿಡಿ

(ದಂಪತಿ ಮಾದರಿ, ಅಲಾಸ್ಕಾ, ಏಳು ರಾತ್ರಿ)

ಮಾನ್ಯ ಗ್ರಾಹಕರೇ, ಅಲಾಸ್ಕಾ ಕ್ರೂಸಿನ ನೆನಪನ್ನು ಮನೆಗೆ ತಂದುಕೊಂಡದ್ದಕ್ಕೆ ಅಭಿನಂದನೆಗಳು. ಬಳಸುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿ. ಓದುವುದಿಲ್ಲವೆಂದು ನಮಗೆ ಗೊತ್ತು. ಮಿಕ್ಸಿಯದ್ದನ್ನೂ ನೀವು ಓದಿರಲಿಲ್ಲ.

ಈ ಉಪಕರಣವನ್ನು ಸಾಮಾನ್ಯವಾಗಿ ಯಾರೂ ತಾವಾಗಿ ಕೊಳ್ಳುವುದಿಲ್ಲ. ಸಿಯಾಟಲ್ ಕಡೆ ಇರುವ ಮಗಳ ಬಾಣಂತನಕ್ಕೆಂದು ಹೋಗಿ, ಕೂಸಿಗೆ ಎಣ್ಣೆ ನೀರು ಹಾಕಿ, ಡಿಶ್‌ವಾಷರಿನಲ್ಲಿ ಪಾತ್ರೆ ಜೋಡಿಸುವ ಕ್ರಮದ ಬಗ್ಗೆ ಅಳಿಯನೊಂದಿಗೆ ಮೌನವಾಗಿ ಭಿನ್ನಾಭಿಪ್ರಾಯ ಬೆಳೆಸಿಕೊಂಡ ಮೇಲೆ, "ಅಪ್ಪ, ಅಮ್ಮ, ನೀವಿಬ್ರೂ ಒಂದ್ ವಾರ ಆರಾಮಾಗಿ ಹೋಗ್ಬನ್ನಿ" ಎಂದು ಮಗಳು ಟಿಕೆಟ್ ಕೈಗಿಟ್ಟಾಗ ಸಿಗುವಂಥದ್ದು ಇದು. ಅದು ಬರೀ ಪ್ರೀತಿಯೋ, ಮಕ್ಕಳಿಗೂ ಒಂದು ವಾರ ಆರಾಮು ಬೇಕಾಗಿತ್ತೋ ಎಂಬ ಪ್ರಶ್ನೆ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಉಪಕರಣ ನಡೆಸಲು ಇಬ್ಬರು ಬೇಕು. ಅನುಕೂಲಕ್ಕಾಗಿ ಇಲ್ಲಿ ಗಂಡನನ್ನು ರಾಯರು ಎಂದೂ ಹೆಂಡತಿಯನ್ನು ಅಮ್ಮಾವ್ರು ಎಂದೂ ಕರೆದಿದೆ. ರಾಯರ ಬಳಿ ಇಸವಿ, ಉದ್ದ, ಅಗಲ, ಟನ್ನು ಇರುತ್ತವೆ. ಉಳಿದದ್ದೆಲ್ಲ ಅಮ್ಮಾವ್ರ ಬಳಿ ಇರುತ್ತದೆ. ಇಬ್ಬರನ್ನೂ ಒಂದೇ ಸೋಫಾದಲ್ಲಿ ಕೂರಿಸಿ, ಎದುರಿಗೆ ಒಬ್ಬ ಅತಿಥಿಯನ್ನು ಕೂರಿಸಿ, ಕಾಫಿ ಕೊಟ್ಟರೆ ಉಪಕರಣ ತಾನಾಗಿಯೇ ಚಾಲೂ ಆಗುತ್ತದೆ. ಈ ಕೈಪಿಡಿ ಬರೆದವನು ಆ ಅತಿಥಿಯ ಕುರ್ಚಿಯಲ್ಲಿ ಬೇಕಾದಷ್ಟು ಸಲ ಕೂತವನು.

ಪೆಟ್ಟಿಗೆಯಲ್ಲಿರುವ ಭಾಗಗಳು

ಕೋಣೆಯ ಬಾಗಿಲು ತೆರೆಯುತ್ತಿದ್ದ, ಈಗ ಏನನ್ನೂ ತೆರೆಯದ ಕಾರ್ಡು, ಎರಡು. ಸಾಲ್ಮನ್ ಮೀನಿನ ಫ್ರಿಜ್ ಮ್ಯಾಗ್ನೆಟ್, ಒಂದು (ಸಸ್ಯಾಹಾರಿಗಳು ಗೋಡೆಯ ಕಡೆಯ ಮಗ್ಗುಲಿಗೆ ಅಂಟಿಸಬಹುದು). ಒಂದೇ ಮಾತ್ರೆ ಖರ್ಚಾದ ಅವೊಮಿನ್ ಪಟ್ಟಿ. ರಾತ್ರಿ ಹಾಸಿಗೆಯ ಮೇಲೆ ಟವೆಲ್ ಮಡಚಿ ಮಾಡಿಟ್ಟಿರುತ್ತಿದ್ದ ಆನೆ, ಕೋತಿ, ಹಂಸಗಳ ಫೋಟೊಗಳು. ಆನೆಯನ್ನು ಬಿಚ್ಚಲು ಮನಸ್ಸು ಬಾರದೆ ಅಮ್ಮಾವ್ರು ಆ ರಾತ್ರಿ ಹಾಸಿಗೆಯ ತುದಿಯಲ್ಲೇ ಮಲಗಿದರಂತೆ. ಹಡಗಿನ ಫೋಟೊಗ್ರಾಫರ್ ತೆಗೆದ, ಬೆಲೆ ಕೇಳಿ ಎರಡು ಸಲ ಬೇಡವೆಂದು ಬಂದು ಕೊನೆಯ ಸಂಜೆ ಕೊಂಡ ದೊಡ್ಡ ಫೋಟೊ: ರಾಯರು ಮಗಳ ಆರತಕ್ಷತೆಯ ಕೋಟಿನಲ್ಲಿ, ಅಮ್ಮಾವ್ರು ಮೈಸೂರು ಸಿಲ್ಕಿನಲ್ಲಿ, ಕಾಲಲ್ಲಿ ವಾಕಿಂಗ್ ಶೂ. ಪಕ್ಕದ ಟೇಬಲ್ಲಿನ ಅಮೆರಿಕನ್ ಹೆಂಗಸರು ಸೆರಗು ಮುಟ್ಟಿ ನೋಡಿದ ವಿಷಯ ಆ ಫೋಟೊದ ಜೊತೆಗೇ ಬರುತ್ತದೆ, ಪ್ರತ್ಯೇಕವಾಗಿ ಸಿಗುವುದಿಲ್ಲ.

ಚಟ್ನಿಪುಡಿಯ ಬಾಟಲಿ ಕಾಣುತ್ತಿಲ್ಲವೆಂದು ದೂರು ಕೊಡಬೇಡಿ. ಅದರ ಸಂಗತಿ ಮುಂದಿದೆ.

ಚಾಲೂ ಮಾಡುವ ವಿಧಾನ

ಹಡಗಿನಿಂದ ಶುರು ಮಾಡಬೇಡಿ. ವೀಸಾದಿಂದ ಶುರು ಮಾಡಿ. "ಅಮೆರಿಕದಿಂದ ಅಮೆರಿಕಕ್ಕೇ ಹೋಗೋದಕ್ಕೆ ಕೆನಡಾ ವೀಸಾ ಯಾಕೆ?" ಎಂದು ಅತಿಥಿ ಕೇಳಿಯೇ ಕೇಳುತ್ತಾರೆ. ಕೇಳದಿದ್ದರೆ ರಾಯರೇ ಕೇಳಿಕೊಳ್ಳುತ್ತಾರೆ. 1886ರ ಒಂದು ಅಮೆರಿಕನ್ ಕಾನೂನಿನ ಪ್ರಕಾರ ಪರದೇಶದ ಹಡಗುಗಳು ಅಮೆರಿಕದ ಬಂದರಿನಿಂದ ಬಂದರಿಗೆ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ಅಲಾಸ್ಕಾಕ್ಕೆ ಹೋಗುವ ದೊಡ್ಡ ಕ್ರೂಸ್ ಹಡಗುಗಳೆಲ್ಲ ಹೆಚ್ಚುಕಡಿಮೆ ಬೇರೆ ದೇಶಗಳಲ್ಲಿ ನೋಂದಣಿಯಾದವು. ಆದ್ದರಿಂದ ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವ ಹಡಗು ನಡುವೆ ಒಂದು ವಿದೇಶಿ ಬಂದರನ್ನು ಮುಟ್ಟಿ ಬರಬೇಕು. ಸಾಮಾನ್ಯವಾಗಿ ಅದು ಕೆನಡಾದ ವಿಕ್ಟೋರಿಯಾ. ಕೋವಿಡ್ ಕಾಲದಲ್ಲಿ ಕೆನಡಾ ತನ್ನ ಬಂದರು ಮುಚ್ಚಿದಾಗ, 2021ರಲ್ಲಿ, ಈ ನಿಯಮಕ್ಕೆ ತಾತ್ಕಾಲಿಕ ವಿನಾಯಿತಿ ಕೊಡಲು ಅಮೆರಿಕದ ಸಂಸತ್ತೇ ಕಾನೂನು ಮಾಡಬೇಕಾಯಿತು.

ರಾಯರು ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ ಕಾಫಿ ಎತ್ತಿಕೊಂಡಾಗ ಅಮ್ಮಾವ್ರ ಸರದಿ. "ಬೆರಳಚ್ಚು, ಫೋಟೊ, ಬ್ಯಾಂಕಿನ ಕಾಗದ, ಎಲ್ಲ ಕೊಟ್ವು. ರಾತ್ರಿ ಹೊತ್ತು ಇಳಿಸಿ ಮೂರು ಗಂಟೆ ಬಿಟ್ರು. ಪಾರ್ಲಿಮೆಂಟ್ ಬಿಲ್ಡಿಂಗಿಗೆ ಮೈತುಂಬ ಬಲ್ಬು ಹಾಕಿದ್ರು, ಅದನ್ನ ನೋಡ್ಕೊಂಡ್ ಬಂದ್ವು. ಇವರ ಕಾನೂನಿಗೋಸ್ಕರ ಹೋಗಿ ದೀಪ ನೋಡಿದ್ದು."

ಉಪಕರಣ ಈಗ ಬಿಸಿಯಾಗಿದೆ. ಎರಡನೇ ಹಂತ, ಸೈರನ್. ಹೊರಡುವ ಮೊದಲು ಎಲ್ಲರನ್ನೂ ಗುಂಪುಗುಂಪಾಗಿ ಸೇರಿಸಿ ತೋರಿಸುವ ಸುರಕ್ಷತಾ ಕವಾಯಿತಿನ ಭಾಗ ಇದು: ಏಳು ಗಿಡ್ಡ ಕೂಗು, ಒಂದು ಉದ್ದ ಕೂಗು. ಟೈಟಾನಿಕ್ 1912ರಲ್ಲಿ ಮುಳುಗಿತು. ಅದರಿಂದಾಗಿ 1914ರಲ್ಲಿ ಲಂಡನ್ನಿನಲ್ಲಿ ಸಮುದ್ರ ಸುರಕ್ಷತೆಯ ಒಪ್ಪಂದವಾಯಿತು. 2012ರಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕೋರ್ಡಿಯಾ ಮಗುಚಿದ ಮೇಲೆ, ಕವಾಯಿತು ನಾಳೆ ಮಾಡೋಣ ಎನ್ನುವ ಹಾಗಿಲ್ಲ, ಹಡಗು ಬಿಡುವಾಗಲೇ ಆಗಬೇಕು ಎಂದಾಯಿತು. ಇವು ರಾಯರವು. ಅಮ್ಮಾವ್ರದು ಒಂದೇ: ಆ ಉದ್ದ ಕೂಗಿಗೆ ರಾಯರು ತಮ್ಮ ಕೈ ಹಿಡಿದುಕೊಂಡರು.

"ಹಿಡಿದಿದ್ದು ನೀನು."

"ನಾನ್ಯಾಕೆ ಹಿಡೀಲಿ? ನನ್ನ ಎರಡೂ ಕೈಲಿ ಲೈಫ್ ಜಾಕೆಟ್ ಇತ್ತಲ್ರೀ."

ಎಚ್ಚರಿಕೆ: ಇದನ್ನು ದೋಷವೆಂದು ತಿಳಿದು ದುರಸ್ತಿ ಮಾಡಲು ಹೋಗಬೇಡಿ. ಸಾಕ್ಷಿಗೆ ಫೋಟೊ ಹುಡುಕಿಕೊಡಲು ಹೋದ ಅಳಿಯಂದಿರು ಉಪಕರಣವನ್ನು ವಾರಗಟ್ಟಲೆ ಕೆಡಿಸಿದ್ದುಂಟು. ಈ ತಕರಾರು ಬಗೆಹರಿದರೆ ಮುಂದಿನ ಭಾಗಗಳಿಗೆ ವಿದ್ಯುತ್ತು ಹರಿಯುವುದಿಲ್ಲ.

ಊಟದ ಗುಂಡಿ

ಇದನ್ನು ಒತ್ತಿದರೆ ಬೇಗ ನಿಲ್ಲುವುದಿಲ್ಲ. ಅತಿಥಿಗಳು ಮನೆಗೆ ಫೋನ್ ಮಾಡಿ ತಡವಾಗುತ್ತದೆ ಎಂದು ತಿಳಿಸಿಬಿಡುವುದು ಒಳ್ಳೆಯದು.

ಮೊದಲು ರೈಸ್ ಕುಕ್ಕರಿನ ವೃತ್ತಾಂತ. ಬಿಸಿಯಾಗುವ ಯಾವ ಸಾಮಾನನ್ನೂ ಕೋಣೆಗೆ ಒಯ್ಯುವಂತಿಲ್ಲ. ಸಮುದ್ರದ ನಡುವೆ ಬೆಂಕಿಗಿಂತ ದೊಡ್ಡ ಭಯವಿಲ್ಲ. ಅಮ್ಮಾವ್ರು ಸೀರೆಗಳ ನಡುವೆ ಸುತ್ತಿಟ್ಟಿದ್ದ ಪುಟ್ಟ ಕುಕ್ಕರು ಎಕ್ಸ್‌ರೇಯಲ್ಲಿ ಸಿಕ್ಕಿಬಿದ್ದು, ಚೀಟಿ ಅಂಟಿಸಿಕೊಂಡು ಒಳಗೆ ಹೋಯಿತು. ಕೊನೆಯ ದಿನ ಅದನ್ನು ಬಿಡಿಸಿಕೊಳ್ಳಲು ಹೋದಾಗ ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆ, ಕೆಟಲ್, ಎಕ್ಸ್‌ಟೆನ್ಷನ್ ಬೋರ್ಡುಗಳ ಜೊತೆ ಇನ್ನೂ ಐದಾರು ಕುಕ್ಕರುಗಳು ಕೂತಿದ್ದವಂತೆ. ಅಮ್ಮಾವ್ರಿಗೆ ಅದೊಂದು ದೊಡ್ಡ ಸಮಾಧಾನ.

ಆಮೇಲೆ ಬಫೆ. ಬಾಗಿಲಲ್ಲೇ ಕೈ ತೊಳೆಸುತ್ತಾರೆ, ಹಾಡು ಹೇಳಿಕೊಂಡು. ಒಬ್ಬರಿಗೆ ವಾಂತಿಭೇದಿ ಹಿಡಿದರೆ ಮುಚ್ಚಿದ ಹಡಗಿನಲ್ಲಿ ಎಲ್ಲರಿಗೂ ಹಬ್ಬುತ್ತದೆ. ಒಳಗೆ ದಾಲು, ಬಾಸ್ಮತಿ ಅನ್ನ, ಸಿಹಿ ಪದಾರ್ಥಗಳದ್ದೇ ಒಂದು ಬೀದಿ. ಇಷ್ಟೆಲ್ಲದರ ನಡುವೆ ಅಮ್ಮಾವ್ರು ಬೆಳಗಿನ ತಿಂಡಿಯ ಮೊಸರಿನ ಕಪ್ಪುಗಳನ್ನು ಎತ್ತಿಟ್ಟುಕೊಂಡು ರಾತ್ರಿ ಅನ್ನಕ್ಕೆ ಕಲೆಸಿ, ಬ್ಯಾಗಿನಿಂದ ಚಟ್ನಿಪುಡಿ ತೆಗೆದು, "ಉಪ್ಪು ಸ್ವಲ್ಪ ಕಮ್ಮಿ ಆಯ್ತು ಅಲ್ವಾ?" ಎಂದಾಗ ಹಿಂದಿನಿಂದ ಒಂದು ದನಿ: "ಉಪ್ಪು ತರ್ಲಾ ಅಮ್ಮ?"

ಮಂಗಳೂರಿನ ಹುಡುಗ. ತಟ್ಟೆ ಎತ್ತಲು ಬಂದವನು. ದಕ್ಷಿಣ ಕನ್ನಡದ, ಗೋವೆಯ ಎಷ್ಟೋ ಮನೆಗಳಿಂದ ಒಬ್ಬಿಬ್ಬರು ಹಡಗಿನಲ್ಲಿ ದುಡಿಯುತ್ತಾರೆಂಬುದು ರಾಯರಿಗೆ ಸಾಮಾನ್ಯ ಜ್ಞಾನ. ಈ ಹುಡುಗನ ಅಮ್ಮನ ಮಂಡಿ ನೋವು, ತಂಗಿಯ ನರ್ಸಿಂಗ್ ಓದು, ಮನೆಗೆ ಇನ್ನೂ ಮುಗಿಯದ ಮೇಲ್ಚಾವಣಿ ಅಮ್ಮಾವ್ರಿಗೆ ಮಾತ್ರ ಗೊತ್ತು. ಒಮ್ಮೆ ಹತ್ತಿದರೆ ಆರು, ಎಂಟು ತಿಂಗಳು ಇಳಿಯುವ ಮಾತಿಲ್ಲ. "ನಾನು ಐಸ್ ನೋಡಿದ್ದು ಕಿಚನ್ನಿನ ಕಿಟಕಿಯಿಂದ ಅಮ್ಮ, ಅದೂ ಅರ್ಧ" ಎಂದನಂತೆ. ಕೊನೆಯ ರಾತ್ರಿ ಚಟ್ನಿಪುಡಿಯ ಬಾಟಲಿ ಅವನ ಕೈಗೆ ಹೋಯಿತು. ರಾಯರು ಟಿಪ್ಸ್ ಎಷ್ಟು ಕೊಟ್ಟೆವೆಂದು ಹೇಳಲು ಬಾಯಿ ತೆರೆಯುತ್ತಾರೆ. ಅಮ್ಮಾವ್ರು ಅವರ ಕಡೆ ನೋಡುತ್ತಾರೆ. ರಾಯರು ಬಿಸ್ಕತ್ತು ತೆಗೆದುಕೊಳ್ಳುತ್ತಾರೆ. ಈ ಭಾಗಕ್ಕೆ ಸರ್ವಿಸ್ ಬೇಕಾಗುವುದಿಲ್ಲ. ಪ್ರತಿ ಸಲವೂ ಸರಿಯಾಗಿ ಓಡುತ್ತದೆ.

ಮುಖ್ಯ ಯಂತ್ರ: ಹಿಮ ಬಿದ್ದದ್ದು

ಗ್ಲೇಷಿಯರ್ ಬೇ ಎಂಬ ಕೊಲ್ಲಿಗೆ ದಿನಕ್ಕೆ ಎರಡಕ್ಕಿಂತ ಹೆಚ್ಚು ದೊಡ್ಡ ಹಡಗುಗಳನ್ನು ಬಿಡುವುದಿಲ್ಲ. ರಾಷ್ಟ್ರೀಯ ಉದ್ಯಾನದ ರೇಂಜರುಗಳು ದೋಣಿಯಲ್ಲಿ ಬಂದು ಹಡಗು ಹತ್ತಿ ಮೈಕಿನಲ್ಲಿ ವಿವರಿಸುತ್ತಾರೆ. 1794ರಲ್ಲಿ ಬ್ರಿಟಿಷ್ ಕಪ್ತಾನ ಜಾರ್ಜ್ ವ್ಯಾಂಕೂವರನ ನಾವಿಕರು ಬಂದಾಗ ಒಳಗೆ ಹೋಗಲು ಕೊಲ್ಲಿಯೇ ಹೆಚ್ಚುಕಡಿಮೆ ಇರಲಿಲ್ಲ, ಬಾಯ ಹತ್ತಿರವೇ ಹಿಮದ ಗೋಡೆ. 1879ರಲ್ಲಿ ಪ್ರಕೃತಿ ಲೇಖಕ ಜಾನ್ ಮ್ಯೂರ್ ಬರುವ ಹೊತ್ತಿಗೆ ಹಿಮ ಬಹಳ ಹಿಂದೆ ಸರಿದಿತ್ತು; 1916ಕ್ಕೆ ಸುಮಾರು 105 ಕಿಲೋಮೀಟರು. ಅದಕ್ಕೂ ಮೊದಲು, ಹದಿನೆಂಟನೆಯ ಶತಮಾನದಲ್ಲಿ, ಇದೇ ಹಿಮ ಮುನ್ನುಗ್ಗಿ ಬಂದು ಅಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಜನರನ್ನು ಅವರ ಊರುಗಳಿಂದ ಎಬ್ಬಿಸಿತ್ತು. ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಂತು ನಿಧಾನವಾಗಿ ಒಂದು ಸುತ್ತು ತಿರುಗುತ್ತದೆ, ಎರಡೂ ಬದಿಯವರಿಗೆ ಕಾಣಲೆಂದು. ನೀರಿನ ಮೇಲೆ 75 ಮೀಟರಿನಷ್ಟು ಎತ್ತರದ ನೀಲಿ ಗೋಡೆ.

ಹೊದಿಕೆ ಹೊದ್ದು ಎಲ್ಲರೂ ಕಾಯುತ್ತಾರೆ, ಗೋಡೆಯ ಒಂದು ತುಂಡು ಕಳಚಿ ಬೀಳುವುದನ್ನು. ಇಲ್ಲಿ ಬಳಕೆದಾರರು ಒಂದು ತಾಂತ್ರಿಕ ವಿಷಯ ತಿಳಿದಿರಬೇಕು. ಅರ್ಧ ಕಿಲೋಮೀಟರು ದೂರದ ಸದ್ದು ಕಿವಿಗೆ ಬರಲು ಸುಮಾರು ಒಂದೂವರೆ ಸೆಕೆಂಡು ಬೇಕು. ಹಿಮ ಮೊದಲು ಬೀಳುತ್ತದೆ, ಆಮೇಲೆ ಗುಡುಗುತ್ತದೆ. ಟ್ಲಿಂಗಿಟ್ ಜನ ಅದನ್ನು ಬಿಳಿ ಗುಡುಗು ಎನ್ನುತ್ತಾರೆ. ಗುಡುಗು ಕೇಳಿ ತಲೆ ಎತ್ತಿದವರಿಗೆ ಕಾಣುವುದು ನೀರಿನ ಉಬ್ಬು ಮಾತ್ರ.

ರಾಯರು ಆ ಹೊತ್ತಿನಲ್ಲಿ ಬಗ್ಗಿ ಫೋನಿನ ಮೆಮೊರಿ ಖಾಲಿ ಮಾಡುತ್ತಿದ್ದರು, ಬೆಳಗಿನಿಂದ ತೆಗೆದ ಒಂದೇ ಥರದ ಹಿಮದ ಫೋಟೊಗಳನ್ನು ಅಳಿಸುತ್ತ. ಅಮ್ಮಾವ್ರು ನೋಡಿದರು. ಅಮ್ಮಾವ್ರಿಗೆ ಸದ್ದು ಕೇಳಲಿಲ್ಲ, ಏಕೆಂದರೆ ಅಷ್ಟರಲ್ಲಿ ಅವರೇ ಕೂಗಿಕೊಂಡಿದ್ದರು. ರಾಯರು ಕೇಳಿಸಿಕೊಂಡರು. ಹೀಗಾಗಿ ಈ ಯಂತ್ರದ ಚಿತ್ರ ಒಬ್ಬರಲ್ಲಿದೆ, ಧ್ವನಿ ಇನ್ನೊಬ್ಬರಲ್ಲಿದೆ. ರಾಯರು ತಡವಾಗಿ ಒತ್ತಿದ ವಿಡಿಯೊದಲ್ಲಿ ಕಾಣುವುದು ಕಲಕಿದ ನೀರು, ಕೇಳುವುದು "ಅಯ್ಯೋ, ಹೋಯ್ತು ನೋಡ್ರೀ, ನೋಡ್ರೀ ಅಂದ್ರೆ!" ಎಂಬ ಮಾತು. ಇದನ್ನು ಟಿವಿಗೆ ಹಾಕಿ ಅತಿಥಿಗಳಿಗೆ ತೋರಿಸಬೇಕು. ತೋರಿಸುವಾಗ ಅಮ್ಮಾವ್ರು ಎದ್ದು ನಿಂತು ತುಂಡು ಎಲ್ಲಿಂದ ಕಳಚಿತೆಂದು ಪರದೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ, ರಾಯರು ಬಾಯಿಂದ ಗುಡುಗುತ್ತಾರೆ. ನಾನು ನೋಡಿದ ಹಿಮಪಾತಗಳಲ್ಲಿ ಇದಕ್ಕೆ ಸಮನಾದದ್ದಿಲ್ಲ. ಬೇರೆ ಯಾವುದನ್ನೂ ನೋಡಿಲ್ಲ ಎಂಬುದು ಬೇರೆ ಮಾತು.

ದೋಷಗಳು, ಪರಿಹಾರಗಳು

ಊರುಗಳು ಕಲೆಸಿಹೋಗುವುದು: ಇದು ಎಲ್ಲ ಮಾದರಿಗಳಲ್ಲೂ ಇದೆ. ರಸ್ತೆಯಲ್ಲಿ ಹೋಗಲಾಗದ ರಾಜಧಾನಿ ಜೂನೋ. ವಿಮಾನ ಅಥವಾ ಹಡಗೇ ಗತಿ. ಟೋಟೆಮ್ ಕಂಬಗಳೂ ಮಳೆಯೂ ಇದ್ದದ್ದು ಕೆಚಿಕನ್. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಎಂದು ಅಲ್ಲಿನ ಗೈಡು ಹೆಮ್ಮೆಪಟ್ಟಾಗ ತೀರ್ಥಹಳ್ಳಿ ಕಡೆಯ ಅಮ್ಮಾವ್ರು ರಾಯರಿಂದ ತರ್ಜುಮೆ ಮಾಡಿಸಿ, ನಮ್ಮ ಆಗುಂಬೆಯಲ್ಲಿ ಇದರ ಎರಡರಷ್ಟು ಎಂದು ಹೇಳಿಸಿಯೇ ಬಿಟ್ಟರು. ರೈಲು ಇದ್ದದ್ದು ಸ್ಕ್ಯಾಗ್ವೇ. ಕೆನಡಾದ ಕ್ಲಾಂಡೈಕಿನ ಚಿನ್ನಕ್ಕೆ ಜನ ನುಗ್ಗಿದಾಗ, 1898ರಲ್ಲಿ ಶುರು ಮಾಡಿ 1900ಕ್ಕೆ ಮುಗಿಸಿದ, ಕಣಿವೆಯ ಅಂಚಿನಲ್ಲೇ ಹೋಗುವ ಕಿರು ಹಳಿ. ರೈಲಿಗೆ ಮೊದಲು ನಡೆದುಹೋಗುತ್ತಿದ್ದವರು ತಲೆಗೆ ಒಂದು ಟನ್ನಿನಷ್ಟು, ವರ್ಷಕ್ಕಾಗುವ ದಿನಸಿ, ಸಾಮಾನು ಹೊತ್ತು ತಂದರೆ ಮಾತ್ರ ಕೆನಡಾದ ಪೊಲೀಸರು ಗಡಿ ದಾಟಲು ಬಿಡುತ್ತಿದ್ದರು. "ನಾವು ಮಗಳ ಮನೆಗೆ ತಗೊಂಡ್ಹೋಗಿದ್ದೂ ಅಷ್ಟೇ ಇತ್ತು" ಎಂಬುದು ಅಮ್ಮಾವ್ರ ಟಿಪ್ಪಣಿ.

ಮನೆಗೆ ಬಂದ ಮೇಲೂ ನೆಲ ತೂಗುವುದು: ದೋಷವಲ್ಲ. ಕೆಲವು ದಿನಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಸ್ನಾನ ಮಾಡುವಾಗ ಗೋಡೆ ಹಿಡಿದುಕೊಳ್ಳಿ.

ಟನ್ನಿನ ಗೊಂದಲ: ಒಂದು ಲಕ್ಷ ಟನ್ನಿನ ಹಡಗು ಎಂದು ರಾಯರು ಹೇಳಿದರೆ ಅದು ತೂಕವಲ್ಲ, ಒಳಗಿನ ಜಾಗದ ಅಳತೆ. ಅವರಿಗೆ ಗೊತ್ತಿದೆ. ನೀವು ತೂಕವೆಂದು ತಿಳಿಯಲಿ ಎಂದೇ ಕಾಯುತ್ತಿದ್ದಾರೆ. ತಿಳಿಯಿರಿ, ಏನೂ ನಷ್ಟವಿಲ್ಲ.

ಕಿಟಕಿಯಿಲ್ಲದ ಕೋಣೆಯ ವಿಷಯ ಎತ್ತಬೇಡಿ. ಬಾಗಿಲು ತೆರೆದರೆ ಸಮುದ್ರ ಪುಕ್ಕಟೆ ಸಿಗುವಾಗ ಕಿಟಕಿಗೆ ಡಾಲರು ಯಾಕೆ ಎಂಬುದು ರಾಯರ ವಾದವಾಗಿತ್ತು. ಹಡಗಿನ ಮೂತಿಯಲ್ಲಿಟ್ಟ ಕ್ಯಾಮೆರಾ ತೋರಿಸುವ ಟಿವಿ ಚಾನೆಲ್ಲನ್ನು ರಾತ್ರಿಯಿಡೀ ಹಾಕಿಟ್ಟು, "ಇದೇ ಕಿಟಕಿ ಅಂದ್ಕೋ" ಎಂದಿದ್ದರು. ಬೇಸಿಗೆಯ ಅಲಾಸ್ಕಾದಲ್ಲಿ ಕತ್ತಲಾಗುವುದೇ ಕಡಿಮೆ. ಹೊರಗೆ ಬೆಳಕು, ಒಳಗೆ ಗವ್ವೆನ್ನುವ ಕತ್ತಲು, ಗೋಡೆಯ ಮೇಲೆ ಚಿಕ್ಕ ಸಮುದ್ರ.

ಒಬ್ಬರೇ ನಡೆಸಬಹುದೇ? ನಡೆಸಬಹುದು, ಸೊಗಸಿರುವುದಿಲ್ಲ. ರಾಯರು ಪಾರ್ಕಿನ ಬೆಂಚಿನಲ್ಲಿ ಗೆಳೆಯರ ನಡುವೆ ಪ್ರಯತ್ನಿಸಿದ್ದಾರೆ. "ಜೂನೋದಲ್ಲಿ ರೈಲು ಹತ್ತಿದ್ವಿ" ಎಂದು ಬೇಕೆಂದೇ ತಪ್ಪಾಗಿ ಹೇಳಿ ಸ್ವಲ್ಪ ಹೊತ್ತು ಕಾದರು. ಯಾರೂ ತಿದ್ದಲಿಲ್ಲ.

ಹೊಸ ಭಾಗ ಜೋಡಿಸುವುದು

ಈ ಉಪಕರಣಕ್ಕೆ ಮುಂದಿನ ಪ್ರವಾಸಗಳನ್ನು ಜೋಡಿಸಬಹುದು. ಸಿಂಗಪುರದ್ದು ಈಗಾಗಲೇ ಕೂತಿದೆ, ಆದರೆ ಅದರಲ್ಲಿ ಹಿಮವಿಲ್ಲ, ಎಲ್ಲರೂ ಹೋಗಿಬಂದವರೇ. ಸದ್ಯ ರಾಯರ ಮೇಜಿನ ಮೇಲಿರುವುದು ಪನಾಮಾ ಕಾಲುವೆ: 1914ರಲ್ಲಿ ತೆರೆದದ್ದು, ಸುಮಾರು 80 ಕಿಲೋಮೀಟರು ಉದ್ದ, ಹಡಗನ್ನು ಮೆಟ್ಟಿಲು ಮೆಟ್ಟಿಲಾಗಿ 26 ಮೀಟರು ಮೇಲಕ್ಕೆತ್ತಿ ಮತ್ತೆ ಇಳಿಸುತ್ತದೆ. ಭೂಪಟ ಬಿಡಿಸಿ ಅವರು ಈಚೆಗೆ ತೋರಿಸುತ್ತಿರುವ ಚಮತ್ಕಾರವೆಂದರೆ, ಅಲ್ಲಿ ಅಟ್ಲಾಂಟಿಕ್ ಕಡೆಯ ಬಾಯಿ ಪೆಸಿಫಿಕ್ ಕಡೆಯ ಬಾಯಿಗಿಂತ ಪಶ್ಚಿಮಕ್ಕಿದೆ. ಪೆಸಿಫಿಕ್ಕಿಗೆ ಹೊರಟ ಹಡಗು ಪೂರ್ವಕ್ಕೆ ಸರಿಯುತ್ತದೆ.

"ಹಾಗಾದ್ರೆ ಬೆಳಿಗ್ಗೆ ಬಿಸಿಲು ಯಾವ ಕಡೆಯಿಂದ ಬರತ್ತೆ ಹೇಳಿ," ಎಂದಿದ್ದಾರೆ ಅಮ್ಮಾವ್ರು. "ಆ ಕಡೆ ಕಿಟಕಿ ತಗೊಳ್ಳಿ."

ರಾಯರು ಕಾಗದ, ಪೆನ್ಸಿಲು ತರಿಸಿಕೊಂಡಿದ್ದಾರೆ. ಅತಿಥಿಗಳು ಈಗ ಎದ್ದು ಹೊರಡಬಹುದು.