ಈರುಳ್ಳಿ ಬಣ್ಣದ ದೀಪ

ಸೀರೆ ಅಂಗಡಿಯವನಿಗೆ ವಿಮಾನ ಯಾಕೆ ಎಂದು ನಾರಾಯಣಪೇಟೆಯಲ್ಲಿ ಯಾರೂ ಕೇಳಲಿಲ್ಲ. ದುಡ್ಡು ಹೆಚ್ಚಾಗಿರಬೇಕು ಎಂದು ಅವರವರೇ ತೀರ್ಮಾನಿಸಿಕೊಂಡು ಸುಮ್ಮನಾದರು. ಖಾಸಗಿ ಪೈಲಟ್ ಲೈಸೆನ್ಸು ಕೈಗೆ ಬಂದ ದಿನ ಪೇಡೆಯನ್ನೂ ತಿಂದರು. ತಕರಾರು ಎದ್ದದ್ದು, ಇನ್ನು ರಾತ್ರಿ ಹಾರುವುದನ್ನೂ ಕಲಿಯುತ್ತೇನೆ ಎಂದು ನಾನು ಬಾಯಿ ಬಿಟ್ಟ ಮೇಲೆ. ಗದ್ವಾಲದ ಸೋದರತ್ತೆ ಮರುದಿನವೇ ಬಸ್ಸು ಹತ್ತಿ ಬಂದಳು.

"ಅಲ್ಲೋ ತಮ್ಮಾ, ಹಗಲೊತ್ತು ಹಾರಿದ್ರ ಯಾರರೆ ಬ್ಯಾಡ ಅಂದಾರೇನು? ಕತ್ತಲಾಗ ಮ್ಯಾಲ ಹೋಗಿ ಏನು ನೋಡ್ತಿ?"

ಕಾನೂನು ಕೂಡ ಅತ್ತೆಯ ಪಕ್ಷದಲ್ಲೇ ಇದೆ. ನಮ್ಮ ದೇಶದಲ್ಲಿ 17 ವರ್ಷ ತುಂಬಿ, 40 ಗಂಟೆ ಹಾರಿ, ಪರೀಕ್ಷೆಗಳನ್ನು ಪಾಸು ಮಾಡಿದರೆ ಖಾಸಗಿ ಪೈಲಟ್ ಆಗಬಹುದು. ಕತ್ತಲೆಯ ಗೊಡವೆಯೇ ಬೇಡ. ಹಾರಾಟದಿಂದಲೇ ಹೊಟ್ಟೆ ಹೊರೆಯುವ ಕಮರ್ಷಿಯಲ್ ಪೈಲಟ್‌ಗಾದರೆ 200 ಗಂಟೆ ಬೇಕು. ಅದರಲ್ಲಿ 5 ಗಂಟೆ ರಾತ್ರಿಯದ್ದು, ತಾನೇ ಯಜಮಾನನಾಗಿ 10 ಸಲ ಏರಿ 10 ಸಲ ಇಳಿದದ್ದೂ ಲೆಕ್ಕದ ಪುಸ್ತಕದಲ್ಲಿ ಇರಬೇಕು. ಸಂಬಳಕ್ಕೆ ಹಾರುವವನು ನಿದ್ದೆಗೆಡಲಿ, ಶೋಕಿಗೆ ಹಾರುವವನು ಉಂಡು ಮಲಗಲಿ ಎಂಬುದು ಸರಕಾರದ ಅಭಿಪ್ರಾಯವಿದ್ದಂತಿದೆ.

ನಾನು ಇತಿಹಾಸದ ಮೊರೆ ಹೊಕ್ಕೆ. 1949ರಲ್ಲೇ ದೆಹಲಿ, ಬೊಂಬಾಯಿ, ಕಲ್ಕತ್ತ, ಮದರಾಸುಗಳಿಂದ ರಾತ್ರಿ ಹೊರಟ ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಸೇರಿ, ಅಂಚೆ ಚೀಲ ಬದಲಾಯಿಸಿಕೊಂಡು ಬೆಳಗಾಗುವಷ್ಟರಲ್ಲಿ ತಂತಮ್ಮ ಊರಿಗೆ ಮರಳುತ್ತಿದ್ದವು ಎಂದು ವಿವರಿಸಿದೆ. ಅತ್ತೆ ಪೂರ್ತಿ ಕೇಳಿದಳು. "ಅವು ಕಾಗದ. ನೀ ಏನು ಕಾಗದೇನು?" ಅಂದಳು.

ತರಬೇತಿ ಶಾಲೆಯಲ್ಲಿ ನನಗೆ ಸಿಕ್ಕ ಗುರು ನನ್ನ ಮಗನ ವಯಸ್ಸಿನ ಹುಡುಗ. ನೆಲದ ಮೇಲೆ "ಅಂಕಲ್, ಚಾ ಆಯ್ತಾ?" ಎಂದು ಕೇಳುತ್ತಿದ್ದವನು ಸೆಸ್ನಾ ವಿಮಾನದಲ್ಲಿ ಕೂತು ಬೆಲ್ಟು ಬಿಗಿದ ಕೂಡಲೇ ಹಿರಿಯನಾಗಿಬಿಡುತ್ತಿದ್ದ. ಅವನ ಮೊದಲ ಪಾಠ ವಿಮಾನದ್ದಲ್ಲ, ಕಣ್ಣಿನದು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಆ ಅರ್ಧ ಗಂಟೆಯ ಸಂಪಾದನೆಯನ್ನು ಒಂದೇ ಒಂದು ಮೊಬೈಲ್ ಬೆಳಕು ಕ್ಷಣದಲ್ಲಿ ಕರಗಿಸಿಬಿಡುತ್ತದೆ. ಹೀಗಾಗಿ ನಕ್ಷೆ ನೋಡಲು ಮಂದ ಕೆಂಪು ದೀಪ. ನಾನು ಟಾರ್ಚಿನ ಮೂತಿಗೆ ಮದುವೆ ಡೆಕೊರೇಶನ್ನಿನ ಕೆಂಪು ಪಾರದರ್ಶಕ ಕಾಗದ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಕೊಂಡು ಹೋದೆ. ಕೆಂಪು ಬೆಳಕಿನಲ್ಲಿ ನಕ್ಷೆಯ ಕೆಂಪು ಗೆರೆಗಳೆಲ್ಲ ಮಾಯ. ಇದು ಎಲ್ಲರಿಗೂ ಆಗುವುದೇ ಎಂದು ಗುರು ಸಮಾಧಾನ ಹೇಳಿದ.

ಇನ್ನೊಂದು ಪಾಠ: ದೂರದ ಮಂದ ದೀಪವನ್ನು ನೆಟ್ಟಗೆ ನೋಡಬಾರದು, ತುಸು ಪಕ್ಕಕ್ಕೆ ನೋಡಬೇಕು. ಕಣ್ಣಿನ ನಟ್ಟನಡುವೆ ಇರುವ ಕೋಶಗಳಿಗೆ ಕತ್ತಲೆಯಲ್ಲಿ ಕೆಲಸವಿಲ್ಲ. ಸುತ್ತ ಇರುವವೇ ಆಗ ದುಡಿಯುವುದು. ಮಕ್ತಲದ ನನ್ನ ಮಾವನಿಗೆ ಇದನ್ನು ಹೊಸ ಸುದ್ದಿ ಎಂಬಂತೆ ಹೇಳಿದೆ. ಶೇಂಗಾ ಹೊಲದಲ್ಲಿ ಹಂದಿ ಕಾಯಲು ಮಲಗಿದವರಿಗೆಲ್ಲ ಇದು ಗೊತ್ತಿರುವುದೇ, ಇದಕ್ಕೂ ಫೀಸು ಕಟ್ಟಿದೆಯಾ ಎಂದು ಅವರು ಕೇಳಿದರು. ಅವರು ಕೇಳಿದ್ದು ಸರಿಯೇ. 2018ರ ಜನವರಿಯಲ್ಲಿ ತೆಲಂಗಾಣದಲ್ಲಿ ಹೊಲಗಳಿಗೆ ದಿನದ 24 ಗಂಟೆ ಕರೆಂಟು ಶುರುವಾಗುವವರೆಗೆ ನಮ್ಮ ಕಡೆಯ ರೈತ ಮೋಟಾರು ಹಾಕಲು ಹೊಲಕ್ಕೆ ಹೋಗುತ್ತಿದ್ದುದೇ ನಡುರಾತ್ರಿಯಲ್ಲಿ, ಬದುವಿನ ಮೇಲೆ, ಹಾವಿನ ಜೊತೆ. ರಾತ್ರಿ ತರಬೇತಿಗೆ ಸರ್ಟಿಫಿಕೇಟು ಕೊಡುವುದಿದ್ದರೆ ಮೊದಲು ಅವರಿಗೆ ಕೊಡಬೇಕಿತ್ತು.

ಆದರೆ ಮಾವನ ಕಾಲಕೆಳಗೆ ನೆಲವಿತ್ತು. ಮೇಲೆ ಹೋದರೆ ಅದೊಂದು ಇರುವುದಿಲ್ಲ. ಕತ್ತಲೆಯಲ್ಲಿ ಏನೂ ಕಾಣದೆ ಅಪಾಯವಾಗುತ್ತದೆ ಎಂದುಕೊಂಡಿದ್ದೆ. ಇಲ್ಲದ್ದು ಕಾಣುವುದರಿಂದಲೇ ಹೆಚ್ಚು ಅಪಾಯ. ಒಂಟಿ ನಕ್ಷತ್ರವನ್ನು ದಿಟ್ಟಿಸಿ ನೋಡುತ್ತಿದ್ದರೆ ಅದು ನಿಧಾನಕ್ಕೆ ಸರಿಯತೊಡಗುತ್ತದೆ, ಇನ್ನೊಂದು ವಿಮಾನವೇ ಬಂತೇನೋ ಅನ್ನಿಸುತ್ತದೆ. ರೆಕ್ಕೆ ಮೆಲ್ಲಗೆ ವಾಲಿದರೆ ಕಿವಿಯೊಳಗಿನ ಸಮತೋಲನದ ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ. ನೆಟ್ಟಗೆ ಮಾಡಿದ ಕೂಡಲೇ "ಅಯ್ಯೋ ವಾಲಿತು" ಎಂದು ಬೊಬ್ಬೆ ಹಾಕುತ್ತದೆ. 1999ರ ಜುಲೈ ತಿಂಗಳ ಒಂದು ರಾತ್ರಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಕೆನಡಿ ಜೂನಿಯರ್ ಮಂಜು ಮುಸುಕಿದ ಸಮುದ್ರದ ಮೇಲೆ ದಿಕ್ಕು ಕಳೆದುಕೊಂಡು ಹೆಂಡತಿ ಮತ್ತು ಆಕೆಯ ಅಕ್ಕನೊಂದಿಗೆ ಸತ್ತದ್ದು ಹೀಗೆಯೇ. ಅವರಿಗೂ ಇದ್ದದ್ದು ನನ್ನಂತೆ ಖಾಸಗಿ ಲೈಸೆನ್ಸು. ಅತ್ತೆಗೆ ಈ ಕತೆ ಹೇಳಿಲ್ಲ, ನೀವೂ ಹೇಳಬೇಡಿ. ಮದ್ದು ಒಂದೇ: ಕೃತಕ ದಿಗಂತ, ಎತ್ತರದ ಮುಳ್ಳು, ವೇಗದ ಮುಳ್ಳು ಏನು ಹೇಳುತ್ತವೋ ಅದನ್ನು ನಂಬುವುದು, ಸ್ವಂತ ಕಿವಿಯನ್ನು ನಂಬದಿರುವುದು. ಗಿರಾಕಿಯ ಮುಖ ನೋಡಿಯೇ ವ್ಯಾಪಾರ ಅಳೆದ ನನ್ನಂಥವನಿಗೆ ಇದು ಕಷ್ಟದ ಕೆಲಸ.

ಇಳಿಯುವುದು ಇನ್ನೂ ಮೋಜಿನದು. ರನ್‌ವೇಯ ಎರಡು ಅಂಚಿಗೂ ಬಿಳಿ ದೀಪ, ಹೊಸ್ತಿಲಲ್ಲಿ ಹಸಿರು, ಕೊನೆಯಲ್ಲಿ ಕೆಂಪು, ಟ್ಯಾಕ್ಸಿವೇ ಪಕ್ಕ ನೀಲಿ. ಸುತ್ತಲೂ ದೀಪವಿಲ್ಲದ ಹೊಲಗಳಾದ್ದರಿಂದ ನಾವು ತೀರ ಮೇಲಿದ್ದೇವೆ ಎಂದು ಭ್ರಮೆಯಾಗುತ್ತದೆ, ಕೈ ತಾನಾಗಿ ವಿಮಾನವನ್ನು ಕೆಳಕ್ಕೆ ಒತ್ತುತ್ತದೆ. ಅದನ್ನು ತಪ್ಪಿಸಲು ಪಕ್ಕದಲ್ಲಿ ಪಾಪಿ ಎಂಬ ನಾಲ್ಕು ದೀಪಗಳ ಸಾಲು. ಹೆಸರು ಕೇಳಿ ಹೆದರಬೇಡಿ, ಕೆಲಸ ಪುಣ್ಯದ್ದು. ಎರಡು ಬಿಳಿ ಎರಡು ಕೆಂಪು ಕಂಡರೆ ದಾರಿ ಸರಿ. ನಾಲ್ಕೂ ಬಿಳಿಯಾದರೆ ಮೇಲಿದ್ದೀರಿ. ನಾಲ್ಕೂ ಕೆಂಪಾದರೆ ಹೊಲದವನ ಬೇಲಿಗೆ ಹತ್ತಿರವಾಗಿದ್ದೀರಿ.

"ಅಂಕಲ್, ಏನು ಕಾಣ್ತಿದೆ?" ಎಂದು ಕೇಳಿದ ಗುರು.

"ಎರಡು ಬಿಳಿ, ಒಂದು ಕೆಂಪು, ಒಂದು ಈರುಳ್ಳಿ ಬಣ್ಣ."

ಹೆಡ್‌ಫೋನಿನಲ್ಲಿ ಮೌನ. "ಈರುಳ್ಳಿ ಬಣ್ಣ ಅಂತ ಯಾವುದೂ ಇಲ್ಲ ಅಂಕಲ್."

ಇದೆ. ನಾರಾಯಣಪೇಟೆಯ ಅಂಗಡಿಯ ಗಾದಿಯ ಮೇಲೆ ಹುಟ್ಟಿ ಬೆಳೆದವನಿಗೆ ಕುಂಕುಮಗೆಂಪು ಬೇರೆ, ದಾಳಿಂಬೆಗೆಂಪು ಬೇರೆ, ಈರುಳ್ಳಿ ಸಿಪ್ಪೆಯ ಬಣ್ಣವೇ ಬೇರೆ. ಮೆಡಿಕಲ್ ಪರೀಕ್ಷೆಯಲ್ಲಿ ಚುಕ್ಕಿಗಳ ನಡುವೆ ಅಂಕಿ ಹುಡುಕಿಸಿದಾಗ ಡಾಕ್ಟರು ಪುಟ ತಿರುವುವ ಮೊದಲೇ ಹೇಳಿದ್ದೆ. ಕೊನೆಗೆ ಗುರುವೇ ಒಪ್ಪಿದ: ದೀಪ ಬಿಳಿಯಿಂದ ಕೆಂಪಿಗೆ ತಿರುಗುವ ಆ ಸಣ್ಣ ಸಂದಿನಲ್ಲಿ ನಸುಗುಲಾಬಿ ಕಾಣುತ್ತದೆ, ಅಂದರೆ ನಾವು ಕೆಳಕ್ಕೆ ಜಾರುತ್ತಿದ್ದೇವೆ ಎಂದರ್ಥ. ಅಲ್ಲಿಂದ ಮುಂದೆ ಇಳಿಯುವಾಗೆಲ್ಲ ಅವನೇ ಕೇಳತೊಡಗಿದ: "ಅಂಕಲ್, ಈರುಳ್ಳಿ ಬಂತಾ?"

ಇಷ್ಟೆಲ್ಲ ಕಲಿತ ಮೇಲೆ ಮಕ್ತಲದ ನೆಂಟರದು ಒಂದೇ ಬೇಡಿಕೆ. ಒಂದು ರಾತ್ರಿ ಊರ ಮೇಲೆ ಬಂದು ದೀಪ ಮಿನುಗಿಸಿ ಹೋಗು, ಮಾಳಿಗೆ ಮೇಲೆ ನಿಂತು ಕೈ ಬೀಸ್ತೀವಿ. ಆಗುವುದಿಲ್ಲ. ಹೊತ್ತು ಮುಳುಗಿದ ಮೇಲೆ ಕಣ್ಣಳತೆಯ ಹಾರಾಟಕ್ಕೆ ನಮ್ಮಲ್ಲಿ ಪರವಾನಗಿ ಇಲ್ಲ. ಕಂಟ್ರೋಲ್ ಟವರಿನವರು ಒಪ್ಪಿದರೆ ಸ್ಥಳೀಯ ಹಾರಾಟ, ಕ್ಲಬ್ಬುಗಳ ತರಬೇತಿ, ಅಷ್ಟೇ. ಹೀಗಾಗಿ ಗುಡಿಗೆ ಹರಕೆ ಹೊತ್ತವನಂತೆ ಒಂದೇ ರನ್‌ವೇಗೆ ಪ್ರದಕ್ಷಿಣೆ ಹಾಕುವುದೇ ನನ್ನ ಪಾಲಿನ ರಾತ್ರಿ ವಿಮಾನಯಾನ. ಹುಡುಗನಾಗಿದ್ದಾಗ ಕೃಷ್ಣಾ ಸ್ಟೇಶನ್ನಿನಿಂದ ಹೊಳೆಯಾಚೆ ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳ ತುದಿಯಲ್ಲಿ ಕೆಂಪು ದೀಪ ಕಾಣುತ್ತಿತ್ತು. ಯಾರಿಗಾಗಿ ಅದು ಎಂದು ಕೇಳಿದರೆ ದೊಡ್ಡವರು ವಿಮಾನದವರಿಗೆ ಅನ್ನುತ್ತಿದ್ದರು. ಆ ವಿಮಾನದವ ಈಗ ನಾನೇ, ಆದರೂ ಅತ್ತ ಸುಳಿಯುವಂತಿಲ್ಲ.

ಹಾಗಾಗಿ ನೆಂಟರ ಊರುಗಳಿಗೆ ಹೋಗುವುದು ಕಾರಿನಲ್ಲೇ. ಹತ್ತಿ ಬಿಡಿಸುವ ಕಾಲ. ಜುರಾಲಾ ಅಣೆಕಟ್ಟು ದಾಟಿ ಗದ್ವಾಲದ ಕಡೆ ಹೋಗುವಾಗ ರಸ್ತೆಯ ಅರ್ಧ ನುಂಗಿಕೊಂಡು ಹತ್ತಿ ಹೇರಿದ ಟ್ರಾಕ್ಟರೊಂದು ಕತ್ತಲೆಯಿಂದ ಏಕಾಏಕಿ ಎದುರಾಯಿತು. ಟ್ರೈಲರಿಗೆ ಹಿಂದೀಪವೂ ಇಲ್ಲ, ಮಿನುಗುವ ಪಟ್ಟಿಯೂ ಇಲ್ಲ. ಆಕಾಶದಲ್ಲಾದರೆ ಎಡರೆಕ್ಕೆಗೆ ಕೆಂಪು, ಬಲಕ್ಕೆ ಹಸಿರು, ಬಾಲಕ್ಕೆ ಬಿಳಿ ಇಲ್ಲದೆ ಚಕ್ರ ಉರುಳಿಸಲೂ ಬಿಡುವುದಿಲ್ಲ. ಮುಂದಿನ ಚಾ ಅಂಗಡಿಯಲ್ಲಿ ಡ್ರೈವರು ಸಿಕ್ಕ. ಹಿಂದೆ ಒಂದು ದೀಪವಾದರೂ ಬೇಡವೇನಪ್ಪ ಎಂದು ಪೈಲಟ್ಟಿನ ಗತ್ತಿನಲ್ಲೇ ಕೇಳಿದೆ.

ಅವನು ನನ್ನ ಕಾರಿನ ಕಡೆ ನೋಡಿದ. "ನಿಮಗ ಮುಂದ ಎರಡೆರಡು ಅವ ಅಲ್ರೀ" ಅಂದ. "ನನಗ್ಯಾಕ್ರಿ ಹಿಂದ?"