ಸೆರಗು ಎಳೆದುಕೊಂಡ ಅಜ್ಜಿ

ಅಕ್ಕಾ, ಬಟ್ಟೆ ಒಣಹಾಕಿ ಆಯಿತಾ? ಒಂದು ನಿಮಿಷ ಗ್ಯಾಲರಿಯಲ್ಲೇ ನಿಲ್ಲಿ. ಬೆಳಿಗ್ಗೆಯಿಂದ ಒಂದು ವಿಷಯ ಮನಸ್ಸನ್ನು ಕೊರೆಯುತ್ತಿದೆ.

ಮಳೆ ಬಿತ್ತೆಂದರೆ ನಮ್ಮ ಬದಲಾಪುರ ಸ್ಟೇಷನ್ನಿನ ಹೊರಗೆ ಆದಿವಾಸಿ ಹೆಂಗಸರು ಕಾಡಿನ ಸೊಪ್ಪು ತಂದು ಕೂರುತ್ತಾರಲ್ಲ, ಅಲ್ಲಿಗೆ ತಗಟೆ ಸೊಪ್ಪಿಗೆ ಹೋಗಿದ್ದೆ. ಇಲ್ಲಿಯ ಮರಾಠಿಯವರು ಟಾಕಳಾ ಅನ್ನುತ್ತಾರೆ, ಊರಲ್ಲಿ ಅಮ್ಮ ಪಲ್ಯ ಮಾಡುತ್ತಿದ್ದದ್ದೂ ಅದೇ. ಅವರಲ್ಲಿ ಒಬ್ಬ ಅಜ್ಜಿ ನನಗೆ ಒಂದು ಪಾಲು ಎತ್ತಿ ಕೊಡುವಷ್ಟರಲ್ಲಿ ಇಬ್ಬರು ಹುಡುಗರು ಎದುರಿಗೆ ಕುಕ್ಕರುಗಾಲಲ್ಲಿ ಕುಳಿತು, ದೊಡ್ಡ ಕ್ಯಾಮರಾವನ್ನು ಅವರ ಮುಖಕ್ಕೇ ಹಿಡಿದರು. ಅಜ್ಜಿ ಬೈಯಲಿಲ್ಲ. ಸೆರಗು ಎಳೆದು ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು. ಸೊಪ್ಪು ಕೈಯಲ್ಲೇ ಉಳಿಯಿತು. ಆ ಹುಡುಗರು ಅದನ್ನೂ ಬಿಡದೆ ಇನ್ನೂ ನಾಲ್ಕು ಫೋಟೊ ಹೊಡೆದರು. ಬೇಡ ಅನ್ನುವುದಕ್ಕೆ ಬಾಯೇ ಬೇಕಾ ಅಕ್ಕಾ?

ಕೇಳದೆ ತೆಗೆದ ಚಿತ್ರ ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು? ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಹೋಗಿಬರುವ ಹುಡುಗಿಯರ ವಿಡಿಯೊ ಕದ್ದು ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕುತ್ತಿದ್ದವನನ್ನು 2025ರ ಜುಲೈಯಲ್ಲಿ ಪೊಲೀಸರು ಹಿಡಿದರು. ಗುರುತಿಲ್ಲದವರು ಕಳಿಸುವ ಅಸಹ್ಯ ಮೆಸೇಜುಗಳನ್ನು ತಾಳಲಾರದೆ ಅವರಲ್ಲಿ ಒಬ್ಬ ಹುಡುಗಿ ಬಾಯಿಬಿಟ್ಟಳು, ವಿಷಯ ಹೊರಗೆ ಬಂತು. ಅವಳಿಗೆ ಗೊತ್ತಾದರೂ ಆಯಿತು, ಈ ಅಜ್ಜಿಗೆ ತನ್ನ ಮುಖ ಎಲ್ಲೆಲ್ಲಿ ತಿರುಗುತ್ತದೆ ಅನ್ನುವುದೇ ತಿಳಿಯುವುದಿಲ್ಲ.

'ರಸ್ತೆ ಎಲ್ಲರದ್ದು, ಯಾರ ಫೋಟೊ ಬೇಕಾದರೂ ತೆಗೀಬಹುದು' ಅನ್ನುತ್ತಾರೆ. ಆದರೆ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಅದಕ್ಕೆ ಕಾರಣವಾದ ಅರ್ಜಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರದು. 2012ರಲ್ಲಿ ಆಧಾರ್ ವಿಷಯಕ್ಕೆ ಕೋರ್ಟು ಮೆಟ್ಟಿಲು ಹತ್ತಿದಾಗ ಅವರಿಗೆ 86 ವರ್ಷ! ಸಾರ್ವಜನಿಕ ಜಾಗದಲ್ಲಿದ್ದ ಮಾತ್ರಕ್ಕೆ ಮನುಷ್ಯ ತನ್ನ ಖಾಸಗಿತನ ಕಳೆದುಕೊಳ್ಳುವುದಿಲ್ಲ ಎಂದು ಆ ತೀರ್ಪಿನಲ್ಲಿ ನ್ಯಾ. ಚಂದ್ರಚೂಡ್ ಬರೆದಿದ್ದಾರೆ. ಆದರೆ ಬೀದಿಯಲ್ಲಿ ಬರೀ ಮುಖದ ಫೋಟೊ ತೆಗೆದವರನ್ನು ತಡೆಯುವ ನೇರ ಕಾಯ್ದೆ ಇಲ್ಲ. ಐಟಿ ಕಾಯ್ದೆಯ 66ಇ ಕಲಮು ಮೈಯ ಖಾಸಗಿ ಭಾಗಗಳ ಚಿತ್ರಕ್ಕಷ್ಟೇ ಅನ್ವಯ. ಉಳಿದದ್ದು ಕ್ಯಾಮರಾ ಹಿಡಿದವರ ಮರ್ಯಾದೆಗೆ ಬಿಟ್ಟದ್ದು.

ಕೇಳದೆ ಹೋಗುವುದು ಹೊಸತೇನಲ್ಲ. ಅಮೆರಿಕದ ಫೋಟೊಗ್ರಾಫರ್ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಒಬ್ಬ ಬಡ ಕೂಲಿ ತಾಯಿಯ ಚಿತ್ರ ತೆಗೆದರು. ಲೋಕವೆಲ್ಲ ನೋಡಿದ ಚಿತ್ರ ಅದು. ಹೆಸರು ಕೇಳಲಿಲ್ಲ ಎಂದು ಲ್ಯಾಂಗ್ ತಾವೇ ಹೇಳಿಕೊಂಡಿದ್ದಾರೆ. ಆ ತಾಯಿ ಫ್ಲಾರೆನ್ಸ್ ಥಾಂಪ್ಸನ್ ಎಂದು ಜಗತ್ತಿಗೆ ಗೊತ್ತಾಗಿದ್ದು 1978ರಲ್ಲಿ, 42 ವರ್ಷದ ಮೇಲೆ. ಚಿತ್ರದಿಂದ ಅವರಿಗೆ ಒಂದು ಕಾಸೂ ಬಂದಿರಲಿಲ್ಲ.

ಬೀದಿಯ ಫೋಟೊವೇ ಬೇಡ ಅನ್ನುವವಳಲ್ಲ ನಾನು. ಲೋಕಲ್ ರೈಲಿನ ಗರ್ದಿ ತೆಗೆಯುವಾಗ ಒಬ್ಬೊಬ್ಬರನ್ನೂ ಕೇಳುತ್ತಾ ಕೂರಲು ಆಗುವುದಿಲ್ಲ, ಒಪ್ಪಿದೆ. ಆದರೆ ಒಬ್ಬರ ಮುಖಕ್ಕೇ ಕ್ಯಾಮರಾ ಹಿಡಿದಾಗ ಕೇಳಲೇಬೇಕು.

ನಿಮ್ಮ ಮಗನೂ ಈ ಸಲ ಕ್ಯಾಮರಾ ಕೊಂಡಿದ್ದಾನಲ್ಲ ಅಕ್ಕಾ, ಅವನಿಗೆ ಹೇಳಿ. ಮೊದಲು ಅಜ್ಜಿಯ ಹತ್ತಿರ ಒಂದು ಪಾಲು ಸೊಪ್ಪು ಕೊಳ್ಳಲಿ, 'ಆಜೀ, ಫೋಟೊ ಕಾಢೂ ಕಾ?', ಅಜ್ಜೀ ಫೋಟೊ ತೆಗೀಲಾ, ಅಂತ ಕೇಳಲಿ. ಸೆರಗು ಮೇಲೆ ಹೋಯಿತೋ, ಕ್ಯಾಮರಾ ಕೆಳಗೆ ಇಳಿಸಲಿ.